ಸಕ್ರವ್ವನ ಹಂಚು

ಮುಶಿಗೇರಿಯ ಹುಚ್ಚವ್ವ ಮಗಳು ಸಕ್ರವ್ವನನ್ನು ಸೂಡಿಗೆ ಕೊಟ್ಟಾಗ, ತಾನು ವರ್ಷಗಟ್ಟಲೆ ರೊಟ್ಟಿ ಬೇಯಿಸಿ ಪಳಗಿಸಿದ್ದ ಮಣ್ಣಿನ ಹಂಚನ್ನೂ ಜೊತೆಗೆ ಕಳಿಸಿದ್ದಳು. ಹೊಸ ಹಂಚಿಗೆ ರೊಟ್ಟಿ ಕಚ್ಚಿಕೊಳ್ಳುತ್ತದೆ. ಪಳಗಿ ಕಪ್ಪಾದ ಹಂಚಿನಿಂದ ತಾನಾಗಿ ಏಳುತ್ತದೆ. ಕಾದಿರುವಾಗ ತಣ್ಣೀರು ತಾಗಿಸಬಾರದು, ಸಾಬಾನಂತೂ ಹಚ್ಚಲೇಬಾರದು, ಆರಿದ ಮೇಲೆ ಒಣ ಪುಂಡಿ ನಾರಿನಿಂದ ತಿಕ್ಕಿ, ಆಗಾಗ ಉಳ್ಳಾಗಡ್ಡಿ ಹೋಳನ್ನು ಎಣ್ಣೆಗೆ ಅದ್ದಿ ಒರೆಸಬೇಕು. ಇದನ್ನೆಲ್ಲ ಸಕ್ರವ್ವ ತಾಯಿಯ ಮಗ್ಗುಲಲ್ಲಿ ಕೂತು ಸಣ್ಣವಳಿದ್ದಾಗಲೇ ಕಲಿತಿದ್ದಳು.

ಕನ್ನಡ ನಾಡು ಒಂದಾದ ಮರುವರ್ಷ ಅವಳಿಗೆ ಜ್ವರ ಬಂತು. ಮೈ ಸುಡುತ್ತಿದ್ದರೂ ಗಂಡನ ಬುತ್ತಿಗೆಂದು ಒಲೆಯ ಮುಂದೆ ಕೂತವಳು, ಹಂಚಿಗೆ ರೊಟ್ಟಿ ಹಾಕಿ, ಅಲ್ಲೇ ಗೋಡೆಗೆ ಒರಗಿಬಿಟ್ಟಳು. ಗಂಡ ದ್ಯಾವಪ್ಪ ಹೊಲದಿಂದ ಬಂದು ನೋಡಿದರೆ ಮನೆ ತುಂಬ ಹೊಗೆ. ಚಕ್ಕಡಿ ಹೂಡಿ ರೋಣದ ದವಾಖಾನೆಗೆ ಒಯ್ದರು. ಅವಳು ಜೀವಂತ ತಿರುಗಿ ಬರಲಿಲ್ಲ. ಇನ್ನೂ ಹಾಲು ಬಿಡದ ಗಂಡು ಕೂಸು ದ್ಯಾವಪ್ಪನ ತಾಯಿಯ ಮಡಿಲಿಗೆ ಬಿತ್ತು.

ದಿನಕರ್ಮ ಮುಗಿದ ಮೇಲೆ ದ್ಯಾವಪ್ಪ ಸಕ್ರವ್ವನ ಸೀರೆಗಳನ್ನೂ ಹಂಚನ್ನೂ ಹುಚ್ಚವ್ವನಿಗೆ ತಂದುಕೊಟ್ಟ. ಹಂಚನ್ನು ಯಾರೂ ತೊಳೆದಿರಲಿಲ್ಲ. ಸೀದ ರೊಟ್ಟಿ ಹಾಗೇ ಅಂಟಿಕೊಂಡಿತ್ತು. ನಡುವೆಲ್ಲ ಇದ್ದಿಲಾಗಿದ್ದರೂ ಒಂದು ಅಂಚಿನಲ್ಲಿ ರೊಟ್ಟಿ ಬಡಿದ ಸಕ್ರವ್ವನ ಬೆರಳುಗಳ ಗುರುತು ಸಾಲಾಗಿ ಉಳಿದಿತ್ತು. ತಿಕ್ಕಿ ತರಬೇಕಿತ್ತು, ತನಗೆ ತಿಳಿಯಲಿಲ್ಲ ಎಂದ ದ್ಯಾವಪ್ಪ.

“ಇರ್ಲಿ ಬಿಡಪಾ. ಹಂಗ ಇರ್ಲಿ,” ಎಂದಳು ಹುಚ್ಚವ್ವ.

ಹಳೇ ಧೋತರದಲ್ಲಿ ಸುತ್ತಿ ಗೋಡೆಯ ಮಾಡದಲ್ಲಿಟ್ಟಳು. ತನ್ನ ರೊಟ್ಟಿಗೆ ಕಬ್ಬಿಣದ ಹಂಚು ಸಾಕಾಯಿತು. ಕೆಲವು ಸಂಜೆ ಮಣ್ಣಿನ ಹಂಚನ್ನು ಇಳಿಸಿ, ಆ ಗುರುತುಗಳ ಮೇಲೆ ತನ್ನ ಬೆರಳಿಟ್ಟು ಕೂರುತ್ತಿದ್ದಳು. ಒತ್ತುತ್ತಿರಲಿಲ್ಲ, ಉದುರೀತೆಂದು ಹೆದರಿಕೆ. ಪಕ್ಕದ ಮನೆಯ ರಸೂಲಬಿ ಒಮ್ಮೆ ಕಂಡು, ಬಾಗಿಲು ಮುಂದಕ್ಕೆ ಎಳೆದುಕೊಂಡು ಹೋಗಿದ್ದಳು.

ದ್ಯಾವಪ್ಪ ಇಟಗಿಯ ಸಣ್ಣವ್ವನನ್ನು ಮದುವೆಯಾದ. ಮೊದಲ ಹೆಂಡತಿಯ ತಾಯಿ ಎರಡನೆಯವಳಿಗೂ ತಾಯಿಯೇ ಅಲ್ಲವೇ. ಹತ್ತಿ ಬಿಡಿಸುವ ಕಾಲಕ್ಕೆ ಸಣ್ಣವ್ವ ಸಕ್ರವ್ವನ ಕೂಸನ್ನು ಕಟ್ಟಿಕೊಂಡು ಮುಶಿಗೇರಿಗೆ ಬಂದಳು. ಹುಚ್ಚವ್ವನಿಗೆ ಮೊದಲು ಅವಳ ಮುಖ ನೋಡಲೂ ಆಗಲಿಲ್ಲ. ಆದರೆ ಹುಡುಗಿ ಸಂಭಾವಿತಳು, ಕೂಸು ಅವಳ ಸೆರಗು ಬಿಡುತ್ತಿರಲಿಲ್ಲ. ಮರುದಿನ ಹುಚ್ಚವ್ವ ಇಬ್ಬರನ್ನೂ ಮನೆಯಲ್ಲಿ ಬಿಟ್ಟು ಕೂಲಿಗೆ ಹೋದಳು.

ಸಂಜೆ ಬಂದಾಗ ಒಲೆಯ ಮೇಲೆ ಮಣ್ಣಿನ ಹಂಚಿತ್ತು. ಕಪ್ಪಗೆ, ನುಣ್ಣಗೆ.

“ಯವ್ವಾ, ಕಬ್ಬಿಣದ್ರಾಗ ಕೂಸಿಗೆ ರೊಟ್ಟಿ ಬಿರುಸ ಆಗ್ತಾವ್ರಿ, ಅದಕ್ಕ ಇದನ್ನ ಇಳಿಸಿದ್ನಿ,” ಎಂದಳು ಸಣ್ಣವ್ವ. “ಸೀದದ್ದು ಭಾಳ ಹಿಡಿದಿತ್ತು. ನೀರ ಹಾಕಿಲ್ರಿ, ಪುಂಡಿ ನಾರಿಲೆ ತಿಕ್ಕೀನಿ.”

ಹುಚ್ಚವ್ವ ಬಾಗಿ ನೋಡಿದಳು. ಒಂದು ಗೀರೂ ಇಲ್ಲ, ಸೀಳೂ ಇಲ್ಲ. ಸಕ್ರವ್ವ ತಿಕ್ಕಿದ್ದರೂ ಹೀಗೇ ತಿಕ್ಕುತ್ತಿದ್ದಳು. ಎಲ್ಲಾದರೂ ಬಿರುಕು ಬಿಟ್ಟಿದ್ದರೆ ಬೈಯಲಿಕ್ಕಾದರೂ ಬರುತ್ತಿತ್ತು.

“ಕೆರೆದದ್ದು ಎಲ್ಲಿ ಹಾಕ್ದೆವ್ವಾ?”

“ಕೋಳಿಗೆ ಹಾಕಿದ್ನಿ. ಯಾಕ್ರಿ?”

ಏನಿಲ್ಲ ಎಂದು ಹುಚ್ಚವ್ವ ಹಿತ್ತಲಿಗೆ ಹೋದಳು. ಕೋಳಿಗಳು ಆಗಲೇ ಗೂಡು ಸೇರಿದ್ದವು. ನೆಲದಲ್ಲಿ ಒಂದು ಚೂರೂ ಉಳಿದಿರಲಿಲ್ಲ. ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಕೇಳಿಸದಂತೆ ಅತ್ತಳು. ಮಗಳನ್ನು ಮಣ್ಣು ಮಾಡಿದ ದಿನ ಊರ ಜನರ ನಡುವೆ ಅತ್ತಿದ್ದಕ್ಕಿಂತ ಇದು ಬೇರೆ. ಇದನ್ನು ಯಾರಿಗೂ ಹೇಳುವಂತಿರಲಿಲ್ಲ.

ಮುಖ ತೊಳೆದು ಬಂದು ಊಟಕ್ಕೆ ಕೂತಳು. ಮೊದಲ ತುತ್ತಿಗೇ ನೀರು ಕುಡಿದಳು. ರೊಟ್ಟಿ ಬೆಂದಿಲ್ಲವೇನೋ ಎಂದು ಸಣ್ಣವ್ವನಿಗೆ ಗಾಬರಿ.

“ಚಲೋ ಬೆಂದಾವವ್ವಾ,” ಎಂದಳು ಹುಚ್ಚವ್ವ. “ಹೋಗುಮುಂದ ಹಂಚ ಒಯ್ಯಿ. ಕೂಸಿಗೆ ಮೆತ್ತನ ರೊಟ್ಟಿ ಬೇಕು.”

ಸಣ್ಣವ್ವ ಒಯ್ದಳು. ಮುಂದೆ ವರ್ಷಾ ವರ್ಷಾ ತವರಿಗೆ ಬಂದಂತೆ ಬರುತ್ತಿದ್ದಳು. ಅವತ್ತು ತಾನು ಏನನ್ನು ತಿಕ್ಕಿ ತೆಗೆದೆನೆಂಬುದು ಅವಳಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ.