ಬಾಣನ ತೂಕ

ಜೆ.ಪಿ. ನಗರದ ಆ ಅಪಾರ್ಟ್‌ಮೆಂಟಿನ ಅಸೋಸಿಯೇಷನ್ ಅಧ್ಯಕ್ಷ ಅನಂತರಾಮು ಅವರಿಗೆ ಸಕ್ಕರೆ ಕಾಯಿಲೆ ಬಂದದ್ದೇ ಬಂದದ್ದು, ಇಡೀ ಕಟ್ಟಡಕ್ಕೇ ಪಥ್ಯ ಶುರುವಾಯಿತು. ಹೆಂಡತಿ ವಾರಿಜಾ ಸಿಹಿ ಮುಟ್ಟುವಂತಿಲ್ಲ. ಕ್ಲಬ್‌ಹೌಸಿನ ಪಾರ್ಟಿಗೆ ಜಾಮೂನು ಇಲ್ಲ. ಹಾಳಾಗಿ ಹೋಗಲಿ, ಅದು ಅವರವರ ಹಣೆಬರಹ. ಆದರೆ ಕಾವಲು ನಾಯಿ ಏನು ಪಾಪ ಮಾಡಿತ್ತು?

ಬಾಣ ಮುಧೋಳದ ನಾಯಿ. ದಿನಕ್ಕೆ ಹನ್ನೆರಡು ಸಲ ಕಾಂಪೌಂಡ್ ಸುತ್ತಬೇಕು, ಎರಡು ಬೇಸ್‌ಮೆಂಟ್ ಮೂಸಿ ಬರಬೇಕು. ಮೂರು ತಿಂಗಳ ಮರಿಯಿಂದ ಅದನ್ನು ಸಾಕಿ ಕೆಲಸ ಕಲಿಸಿದವನು ಇಲ್ಲಿನ ಕಾವಲುಗಾರ, ಉತ್ತರಹಳ್ಳಿಯ ಭೀಮಪ್ಪ. ಅಂಥ ನಾಯಿಗೆ ಅಧ್ಯಕ್ಷ ಮಹಾಶಯರು ತಮ್ಮ ಅಡುಗೆಮನೆಯಿಂದ ಓಟ್ಸ್ ಗಂಜಿ, ಉಪ್ಪಿಲ್ಲದ ಮೊಳಕೆಕಾಳು ಕಳಿಸುತ್ತಿದ್ದರು.

"ನಾನೂ ದಿನಾ ಪಾರ್ಕಲ್ಲಿ ಎಂಟು ರೌಂಡ್ ಹಾಕ್ತೀನಪ್ಪಾ. ನನಗೆ ಸಾಕಾಗೋದು ಅದಕ್ಕೆ ಸಾಲಲ್ವಾ?"

ಆ ಎಂಟರಲ್ಲಿ ಆರು ರೌಂಡು ಕಲ್ಲುಬೆಂಚಿನ ಮೇಲೆ ಕೂತೇ ಮುಗಿಯುತ್ತಿದ್ದವು. ದೊಡ್ಡ ಓಟಗಾರ! ಭೀಮಪ್ಪನಿಗೆ ಮೈಯೆಲ್ಲ ಉರಿಯುತ್ತಿತ್ತು.

ಬಾಣನ ತೂಕ ಇಪ್ಪತ್ತೆರಡು ಕಿಲೋಗೆ ಇಳಿಯಿತು. ಸೆಕ್ಯುರಿಟಿ ಏಜೆನ್ಸಿಯ ಪಶುವೈದ್ಯೆ ಬಿಂದುಶ್ರೀ ಬಂದು ಪಕ್ಕೆಲುಬು ಸವರಿ ನೋಡಿದರು. "ಆರು ವಾರದಲ್ಲಿ ಇಪ್ಪತ್ತಾರು ಆಗ್ಲೇಬೇಕು. ಇಲ್ಲಾಂದ್ರೆ ಡ್ಯೂಟಿಯಿಂದ ತೆಗೆದು ಬೇರೆಯವರಿಗೆ ಕೊಟ್ಬಿಡ್ತಾರೆ" ಅಂದರು. ಭೀಮಪ್ಪ ಬಾಣನ ಕೊರಳಪಟ್ಟಿಯನ್ನು ಬಿಗಿಯಾಗಿ ಹಿಡಿದುಕೊಂಡ. ಅಧ್ಯಕ್ಷರು ಮಾತ್ರ ಗಂಜಿಯನ್ನು ಒಂಚೂರು ಗಟ್ಟಿ ಮಾಡಿಸಿದರು, ಅಷ್ಟೇ. ಬಟ್ಟಲು ಖಾಲಿಯಾಗಿ ವಾಪಸ್ ಬರಬೇಕೆಂಬ ಕಟ್ಟಪ್ಪಣೆ ಬೇರೆ.

ಬಟ್ಟಲು ದಿನವೂ ಖಾಲಿಯಾಗಿಯೇ ವಾಪಸಾಯಿತು.

ಆರನೇ ವಾರ ಕ್ಲಬ್‌ಹೌಸಿನಲ್ಲಿ ತೂಕ ನೋಡುವುದೆಂದಾಯಿತು. ಬಾಣ ಒಂದು ಕಡೆ ನಿಲ್ಲುವ ನಾಯಿಯಲ್ಲ. ಹಾಗಾಗಿ ಹೋದ ಸಲದಂತೆಯೇ ಭೀಮಪ್ಪ ಅದನ್ನು ಎತ್ತಿಕೊಂಡು ಮಷಿನ್ ಹತ್ತಿದ. ತೊಂಬತ್ತನಾಲ್ಕು.

ಅನಂತರಾಮು ಮೊಬೈಲಿನಲ್ಲಿ ಬರೆದಿಟ್ಟದ್ದನ್ನು ತೆಗೆದರು. "ಹೋದ್ಸಲಾನೂ ತೊಂಬತ್ನಾಲ್ಕು! ಭೀಮಪ್ಪ ಎಪ್ಪತ್ತೆರಡು, ನಾಯಿ ಇಪ್ಪತ್ತೆರಡು. ಒಂದು ಗ್ರಾಂ ಏರಿಲ್ಲ ನೋಡಿ. ನಮ್ಮನೆ ಊಟ ತಿಂದೂ ಏರ್ಲಿಲ್ಲ ಅಂದ್ರೆ ನಾಯಿಗೇ ಏನೋ ರೋಗ. ಕಳಿಸ್ಬಿಡಿ ಮೇಡಂ."

ಬಿಂದುಶ್ರೀ ಬಾಣನ ಪಕ್ಕೆ ಸವರಿ ಹುಬ್ಬು ಗಂಟಿಕ್ಕಿದರು. ಎಲುಬು ಕೈಗೆ ಸಿಗುತ್ತಿತ್ತು, ಆದರೆ ಮೊದಲಿನಂತೆ ಎದ್ದು ಕಾಣುತ್ತಿರಲಿಲ್ಲ. ಮೈ ಮಿರಮಿರ ಮಿಂಚುತ್ತಿತ್ತು. ಎದುರಿಗಿರುವ ನಾಯಿಯನ್ನು ಬಿಟ್ಟು ಮೊಬೈಲ್ ನೋಡುತ್ತಾನೆ ಪುಣ್ಯಾತ್ಮ! ಇವನು ಮೂವತ್ತು ವರ್ಷ ಆಫೀಸರ್ ಆಗಿದ್ದನಂತೆ, ಥೂ.

ಭೀಮಪ್ಪ ನಾಯಿಯನ್ನು ಕೆಳಗಿಳಿಸಿದ. "ಮೇಡಂ, ಈಗ ನನ್ನೊಬ್ಬನ್ನೇ ನೋಡಿ."

ಜಾರುತ್ತಿದ್ದ ಪ್ಯಾಂಟನ್ನು ಮೇಲಕ್ಕೆಳೆದುಕೊಂಡು ಮತ್ತೆ ಹತ್ತಿದ. ಅರವತ್ತೆಂಟು.

"ಅಂದ್ರೆ ಬಾಣ ಇಪ್ಪತ್ತಾರು!" ಬಿಂದುಶ್ರೀ ನಕ್ಕೇಬಿಟ್ಟರು. "ಏನ್ ಹಾಕಿದ್ರಿ ಇದಕ್ಕೆ?"

"ನಮ್ಮನೆಯವ್ಳು ನನಗೆ ಕಟ್ಟಿಕೊಡೋ ಕೋಳಿ, ಮೊಟ್ಟೆ, ಅನ್ನ ಮೇಡಂ. ಮೂರು ಪಾಲು ಮಾಡಿ ದಿನಕ್ಕೆ ಮೂರು ಸಲ ಹಾಕ್ತಿದ್ದೆ. ತಿಂದ್ಮೇಲೆ ಒಂದ್ ಗಂಟೆ ಓಡಿಸ್ತಿರ್ಲಿಲ್ಲ."

"ಮತ್ತೆ ನಾನು ಕಳಿಸಿದ್ದು?" ಅನಂತರಾಮು ಗದರಿದರು.

"ನಾಯಿ ಅದನ್ನ ಮೂಸೂ ನೋಡ್ಲಿಲ್ಲ. ಬಟ್ಲು ಖಾಲಿ ಆಗ್ಬೇಕು ಅಂದಿದ್ರಲ್ಲ ಸಾರ್, ನಾನೇ ತಿಂದೆ. ನಾಲ್ಕು ಕಿಲೋ ಇಳಿದ್ಹೋದೆ."

ಬಿಂದುಶ್ರೀ ಆಗಲೇ ಕಾಗದದಲ್ಲಿ 'ಡ್ಯೂಟಿಗೆ ಫಿಟ್' ಎಂದು ಬರೆಯುತ್ತಿದ್ದರು. ಭೀಮಪ್ಪ ಚೀಲದಿಂದ ಆವತ್ತಿನ ಬಟ್ಟಲನ್ನು ತೆಗೆದು ಅಧ್ಯಕ್ಷರ ಕೈಗಿಟ್ಟ. ಮುಚ್ಚಳ ತೆಗೆದಿರಲಿಲ್ಲ.

"ಇವತ್ತಿಂದ ಇದನ್ನ ನೀವೇ ತಿನ್ನಿ ಸಾರ್."