ಹತ್ತು ಗಂಟೆಯ ಪಾಳಿ

ಬೆಳಿಗ್ಗೆ ಆರಕ್ಕೆ ನಮ್ಮ ಬೀದಿಯ ಅರ್ಧ ಮನೆಗಳಲ್ಲಿ ಜನ ಫೋನು ಹಿಡಿದು ಕೂತಿರುತ್ತಾರೆ. ಇವತ್ತು ಕೆಲಸಕ್ಕೆ ಬನ್ನಿ ಅಂತಲೋ ಬೇಡ ಅಂತಲೋ ಮೆಸೇಜು ಬರುವುದು ಆ ಹೊತ್ತಿಗೆ. ಬನ್ನಿ ಅಂದರೆ ಊಟದ ಡಬ್ಬಿ ತೆಗೆದುಕೊಂಡು ಓಡಬೇಕು. ಬೇಡ ಅಂದರೆ ಕೋಟು ಮತ್ತೆ ಗೂಟಕ್ಕೆ. ಉಳಿದ ಮನೆಗಳಲ್ಲಿ ಫೋನು ನೋಡುವುದನ್ನೇ ಬಿಟ್ಟವರಿದ್ದಾರೆ. ಮೈ ಸರಿಯಿಲ್ಲದೆಯೋ, ಮನಸ್ಸು ಸೋತೋ ಮನೆಯಲ್ಲೇ ಉಳಿದುಬಿಟ್ಟವರು. ಸರ್ಕಾರದ ಲೆಕ್ಕದಲ್ಲಿ ಇವರು ಕೆಲಸದಲ್ಲಿರುವವರೂ ಅಲ್ಲ, ಕೆಲಸ ಹುಡುಕುತ್ತಿರುವವರೂ ಅಲ್ಲ.

ನಮ್ಮ ಗೇನರ್ ಬ್ಲೂರ್ ಅಂಥವಳಾಗಿದ್ದಳು. ಅವಳು ಮತ್ತೆ ಕೆಲಸಕ್ಕೆ ಹೋದ ಕಥೆಯನ್ನು ಹೇಳುತ್ತೇನೆ. ನಾನೂ ಇಂಗ್ಲೆಂಡಿನ ಈ ಲಾಂಗ್ಟನ್ನಿನವಳೇ, ಇದೇ ಬೀದಿಯವಳೇ. ಕಂಡದ್ದು, ಅವರ ಬಾಯಿಂದಲೇ ಕೇಳಿದ್ದು, ಅಷ್ಟನ್ನೇ ಹೇಳುವುದು.

ಗೇನರ್ ಶಾಲೆ ಬಿಟ್ಟ ವರ್ಷವೇ ಪಿಂಗಾಣಿ ಕಾರ್ಖಾನೆ ಸೇರಿದವಳು. ಟೀ ಕಪ್ಪಿಗೆ ಹಿಡಿ ಅಂಟಿಸುವುದು ಅವಳ ಕೆಲಸ. ಅವಳ ತಾಯಿಯದೂ ಅದೇ ಕೆಲಸವಾಗಿತ್ತು. ಇನ್ನೂ ಹಸಿಯಾಗಿರುವ ಕಪ್ಪು, ಹಸಿಯಾಗಿರುವ ಹಿಡಿ. ಹಿಡಿಯ ಎರಡೂ ತುದಿಗೆ ಮಣ್ಣಿನ ಗಂಜಿ ಸವರಿ, ನೆಟ್ಟಗೆ ಒತ್ತಿ, ಅಂಚು ಒರೆಸಿ ಮುಂದಕ್ಕೆ ತಳ್ಳಬೇಕು. ನೋಡಲು ಸುಲಭ. ಕೈಗೆ ಒಗ್ಗಲು ವರ್ಷಗಳು ಬೇಕು. ಆ ಕಾರ್ಖಾನೆ ಮುಚ್ಚಿತು. ಮುಂದೆ ಸಿಕ್ಕಿದ್ದು ಕಾರ್ಖಾನೆಗಳಿಗೆ ಜನ ಕಳಿಸುವ ಏಜೆನ್ಸಿಯ ಕೆಲಸ. ದಿನವೂ ಬೆಳಿಗ್ಗೆ ಫೋನು ಕಾಯುವ ಕೆಲಸ. ಅದನ್ನೂ ಮಾಡಿದಳು. ಅಷ್ಟರಲ್ಲಿ ಸಂಧಿವಾತ ಬಂತು. ಏಳುವಾಗ ಬೆರಳುಗಳು ಮುಷ್ಟಿ ಕಟ್ಟಿಕೊಂಡಿರುತ್ತಿದ್ದವು. ಬಿಸಿನೀರಿನಲ್ಲಿ ಅದ್ದಿ, ಮಾತ್ರೆ ನುಂಗಿ, ಹತ್ತು ಗಂಟೆಯ ಹೊತ್ತಿಗೆ ಅವು ಸಡಿಲವಾಗುತ್ತಿದ್ದವು. ಆದರೆ ಕೆಲಸ ಶುರುವಾಗುತ್ತಿದ್ದದ್ದು ಏಳಕ್ಕೆ. ಕೆಲವು ದಿನ ತಡವಾಗಿ ಹೋದಳು. ಆಮೇಲೆ ಮೆಸೇಜು ಬರುವುದು ನಿಂತಿತು. ನಿನ್ನನ್ನು ತೆಗೆದಿದ್ದೇವೆ ಎಂದು ಯಾರೂ ಹೇಳಲಿಲ್ಲ. ಫೋನು ಸುಮ್ಮನಾಯಿತು, ಅಷ್ಟೆ.

ಗೇನರಳೂ ಸುಮ್ಮನಾದಳು. ಮುಂದಿನ ಕೋಣೆಯ ಪರದೆ ಎಳೆದೇ ಇರುತ್ತಿತ್ತು. ಶನಿವಾರದ ಓಟ್‌ಕೇಕ್ ಅನ್ನುವ ನಮ್ಮೂರಿನ ಓಟ್ಸ್ ದೋಸೆ ತರಲು ಅವಳ ಗಂಡ ಕ್ಲೈವ್ ಒಬ್ಬನೇ ಅಂಗಡಿಗೆ ಬರುತ್ತಿದ್ದ. ನೀವೇನು ಕೆಲಸ ಮಾಡುತ್ತೀರಿ ಎಂದು ಡಾಕ್ಟರ ಹತ್ತಿರ ಹೋಗಿದ್ದಾಗ ಯಾರೋ ಕೇಳಿದ್ದಕ್ಕೆ ಅವಳು ಏನೂ ಇಲ್ಲ ಎಂದಳಂತೆ. ಅವತ್ತು ಮನೆಗೆ ಬಂದು ಅತ್ತಳಂತೆ.

ಪಕ್ಕದ ಮನೆಯ ಶಹನಾಜ್ ಅಖ್ತರ್ ಕಾಲುವೆ ಬದಿಯ ಕಾರ್ಖಾನೆಯಲ್ಲಿ ತಟ್ಟೆಗಳಿಗೆ ಹೂವಿನ ಚಿತ್ರ ಅಂಟಿಸುವವಳು. ಅಲ್ಲಿನ ಕಾರ್ಮಿಕ ಸಂಘದ ಪ್ರತಿನಿಧಿಯೂ ಅವಳೇ. ಒಂದು ಶನಿವಾರ ಬೆಳಿಗ್ಗೆ ಹಿಂಬಾಗಿಲಿನಿಂದ ಒಳಗೆ ಬಂದಳು. ಕ್ಲೈವ್ ಓಟ್‌ಕೇಕಿನ ಮೇಲೆ ಚೀಸ್ ಕರಗಿಸುತ್ತಿದ್ದ. ನಮ್ಮಲ್ಲಿ ಹಿಡಿ ಅಂಟಿಸುವವರು ಸಿಗುತ್ತಿಲ್ಲ, ಹಳಬರು ನಿವೃತ್ತರಾದರು, ಹೊಸಬರು ನಿಲ್ಲುತ್ತಿಲ್ಲ, ನೀನು ಬಾ ಎಂದು ಗೇನರಳನ್ನು ಕರೆದಳು.

ಉತ್ತರ ಕೊಟ್ಟವನು ಕ್ಲೈವ್. ಅವನು ಪಾರ್ಸೆಲ್ ವ್ಯಾನು ಓಡಿಸುವವನು. ಅವನ ಕೆಲಸಕ್ಕೂ ಗಂಟೆಯ ಖಾತ್ರಿಯಿಲ್ಲ. ಕೆಟ್ಟವನಲ್ಲ, ನೋಡಿ ನೋಡಿ ಸಾಕಾದವನು.

"ಅದು ಏಳಕ್ಕೆ ಶುರುವಾಗೋ ಜಾಗ. ಏಳು ಗಂಟೆಗೆ ಇವಳಿಗೆ ಟೀ ಕಪ್ಪನ್ನ ನಾನು ಹಿಡ್ಕೊಂಡು ಕುಡಿಸ್ತೀನಿ, ಶಹನಾಜ್. ಇವಳು ಹೋಗಿ ಕಪ್ಪಿಗೆ ಹಿಡಿ ಹೆಂಗೆ ಅಂಟಿಸ್ತಾಳೆ?"

"ಹತ್ತು ಗಂಟೆಗೆ?" ಎಂದಳು ಶಹನಾಜ್.

ಗೇನರ್ ತನ್ನ ಕೈಯನ್ನೇ ನೋಡಿಕೊಂಡಳು.

"ಹತ್ತಕ್ಕೆ ಕೈ ಬರತ್ತೆ ಕಣೇ."

"ಹಾಗಾದ್ರೆ ನಿನ್ನ ಕೈಲಿ ಕೆಲಸ ಆಗಲ್ಲ ಅಂತಲ್ಲ. ಏಳು ಗಂಟೆ ಆಗಲ್ಲ, ಅಷ್ಟೇ. ಅದನ್ನೇ ಕೇಳೋಣ."

ಕೇಳಿದರೆ ಕೊಡುತ್ತಾರಾ ಎಂದು ಕ್ಲೈವ್ ನಕ್ಕ. ಕೊಡಲೇಬೇಕು ಎಂದೇನಿಲ್ಲ, ಆದರೆ ಕೇಳುವ ಹಕ್ಕು ಕೆಲಸದ ಮೊದಲ ದಿನದಿಂದಲೇ ಇದೆ ಎಂದು ಶಹನಾಜ್ ಬಿಡಿಸಿ ಹೇಳಿದಳು. ಬೇಡ ಅನ್ನುವ ಮೊದಲು ಅವರು ಕೂತು ಮಾತಾಡಬೇಕು, ಕಾರಣ ಹೇಳಬೇಕು. ಬಹುಕಾಲದ ಕಾಯಿಲೆಯಿಂದ ದಿನದ ಬದುಕೇ ಕಷ್ಟವಾದವರಿಗೆ, ಕೆಲಸಕ್ಕೆ ಅರ್ಜಿ ಹಾಕುವಾಗಿನಿಂದಲೇ, ಸಾಧ್ಯವಾದಷ್ಟು ಅನುಕೂಲ ಮಾಡಿಕೊಡಬೇಕು ಎಂದು ಕಾನೂನೇ ಇದೆ.

ಗೇನರಳಿಗೆ ಇನ್ನೊಂದು ಭಯವಿತ್ತು. ಕೆಲಸಕ್ಕೆ ಹೋಗಿ, ತಿಂಗಳಲ್ಲೇ ಸೋತು ವಾಪಸ್ಸು ಬಂದು, ಈಗ ಬರುತ್ತಿರುವ ಸರ್ಕಾರದ ನೆರವೂ ಹೋದರೆ? ಊಹೆ ಬೇಡ, ಕೇಳಿಯೇ ತಿಳಿಯೋಣ ಎಂದು ಶಹನಾಜ್ ಅವಳನ್ನು ಸಲಹಾ ಕೇಂದ್ರಕ್ಕೆ ಕರೆದುಕೊಂಡು ಹೋದಳು. ಅಲ್ಲಿದ್ದ ಹೆಂಗಸು ಎಲ್ಲವನ್ನೂ ವಿಚಾರಿಸಿ, ನಿಮಗೆ ಬರುವ ನೆರವು ಒಂದೇ ಏಟಿಗೆ ನಿಲ್ಲುವುದಿಲ್ಲ, ಸಂಪಾದನೆ ಏರಿದಂತೆ ಸ್ವಲ್ಪ ಸ್ವಲ್ಪವೇ ಇಳಿಯುತ್ತದೆ, ಶುರು ಮಾಡುವ ಮೊದಲು ಕಚೇರಿಗೆ ತಿಳಿಸಿ ಎಂದಳು. ಒಬ್ಬೊಬ್ಬರದು ಒಂದೊಂದು ಥರ, ಬೇರೆಯವರಿಗೂ ಬಂದೇ ಕೇಳಲು ಹೇಳಿ ಎಂದೂ ಸೇರಿಸಿದಳು.

ಗೇನರ್ ತನ್ನ ಒಳ್ಳೆಯ ಕೋಟು ಹಾಕಿಕೊಂಡು ಆ ಕಾರ್ಖಾನೆಯ ಮ್ಯಾನೇಜರ್ ಗ್ರೇಮ್‌ನನ್ನು ಕಾಣಲು ಹೋದಳು. ಅವನು ಗೌರವವಾಗಿಯೇ ಮಾತಾಡಿಸಿದ. ಆದರೆ ಆಗುವುದಿಲ್ಲ ಎಂದ. ಹಸಿ ಕಪ್ಪುಗಳು ಏಳು ಗಂಟೆಯಿಂದಲೇ ಬರುತ್ತವೆ, ಕಾದರೆ ಒಣಗುತ್ತವೆ, ಒಣಗಿದ ಕಪ್ಪಿಗೆ ಹಿಡಿ ಕೂರುವುದಿಲ್ಲ. ಅದು ಗೇನರಳಿಗೂ ಗೊತ್ತಿದ್ದ ಮಾತೇ. ಮನೆಗೆ ಬಂದು ಕೋಟು ತೆಗೆದಳು. ನಾನು ಹೇಳಲಿಲ್ಲವಾ ಎಂದು ಕ್ಲೈವ್ ಅನ್ನಲಿಲ್ಲ. ಟೀ ಮಾಡಿ ತಂದು ಪಕ್ಕದಲ್ಲಿ ಕೂತ.

ಶಹನಾಜ್ ಮಾತ್ರ ಬಿಡಲಿಲ್ಲ. ಅದೇ ವಾರ ಕ್ಯಾಂಟೀನಿನಲ್ಲಿ ಕೆಲ್ಸಿ ಎಂಬ ಹುಡುಗಿ ಎದುರಿಗೆ ಬಂದು ಕೂತಳು. ಹಿಡಿ ಅಂಟಿಸುವ ಬೆಂಚಿನವಳು, ಏಜೆನ್ಸಿಯಿಂದ ಬಂದವಳು. ಬೆಳಿಗ್ಗೆ ಏಳಕ್ಕೆ ಬರಲು ಅವಳಿಗೆ ತೊಂದರೆಯಿರಲಿಲ್ಲ, ಮಗಳನ್ನು ಅಜ್ಜಿ ಶಾಲೆಗೆ ಬಿಡುತ್ತಾಳೆ. ಮಧ್ಯಾಹ್ನ ಕರೆತರುವವರು ಯಾರೂ ಇಲ್ಲ. ದಿನವೂ ಬೇಗ ಹೊರಡಲು ಅಂಗಲಾಚಿ ಅವಳಿಗೆ ಸಾಕಾಗಿತ್ತು. ಮುಂದಿನ ವಾರದಿಂದ ಬರುವುದಿಲ್ಲ, ಮನೆಯಲ್ಲೇ ಇರುತ್ತೇನೆ ಎಂದಳು.

ಶಹನಾಜ್ ಕೈಯಲ್ಲಿದ್ದ ಸ್ಯಾಂಡ್‌ವಿಚ್ಚನ್ನು ಕೆಳಗಿಟ್ಟಳು. ಒಬ್ಬಳಿಗೆ ಬೆಳಿಗ್ಗೆ ಆಗುವುದಿಲ್ಲ, ಇನ್ನೊಬ್ಬಳಿಗೆ ಮಧ್ಯಾಹ್ನ ಆಗುವುದಿಲ್ಲ. ಬೆಂಚು ಒಂದೇ. ಅವತ್ತು ಸಂಜೆ ಗೇನರಳ ಅಡಿಗೆಮನೆಯಲ್ಲಿ ಕೆಲ್ಸಿಯೂ ಸೇರಿ ಮೂವರು ಕೂತರು. ಮಾರನೇ ವಾರ ಮೂವರೂ ಒಟ್ಟಿಗೆ ಗ್ರೇಮ್‌ನ ಕಚೇರಿಗೆ ಹೋದರು. ಶಹನಾಜ್ ಬೇಕೆಂದೇ ಬಾಯಿ ಬಿಡಲಿಲ್ಲ. ಮಾತಾಡಿದವಳು ಗೇನರ್.

"ನಾನು ದಯೆ ಕೇಳೋಕೆ ಬಂದಿಲ್ಲ ಗ್ರೇಮ್. ಏಳರಿಂದ ಒಂದರವರೆಗೆ ಕೆಲ್ಸಿ ಇರ್ತಾಳೆ. ಹತ್ತರಿಂದ ನಾಲ್ಕರವರೆಗೆ ನಾನು ಇರ್ತೀನಿ. ನಿಮ್ಮ ಬೆಂಚು ಯಾವತ್ತೂ ಖಾಲಿ ಇರಲ್ಲ. ಈಗ ಎಷ್ಟು ಹೊತ್ತು ಖಾಲಿ ಇರತ್ತೆ, ನೀವೇ ಹೇಳಿ."

ಗ್ರೇಮ್ ಕಿಟಕಿಯಾಚೆ ನೋಡಿದ. ಅಲ್ಲಿಂದ ಬೆಂಚು ಕಾಣುತ್ತಿತ್ತು. ಹಿಡಿಯಿಲ್ಲದ ಕಪ್ಪುಗಳು ಹಲಗೆಗಳ ಮೇಲೆ ಸಾಲಾಗಿ ಒಣಗುತ್ತಿದ್ದವು.

"ಹೆಚ್ಚುಕಮ್ಮಿ ಅರ್ಧ ದಿನ," ಎಂದು ಒಪ್ಪಿಕೊಂಡ.

ಒಂದು ತಿಂಗಳು ನೋಡೋಣ ಎಂದು ಅವನು ಹೇಳಿದ ಮೇಲೆ ಶಹನಾಜ್ ಬಾಯಿ ತೆರೆದಳು. ಗಂಟೆಗಳು ಮೊದಲೇ ಗೊತ್ತಾಗಿರಬೇಕು, ಬೆಳಗಿನ ಫೋನು ಇಬ್ಬರಿಗೂ ಬೇಡ ಎಂದಳು. ಗೇನರಳಿಗೆ ಬೆನ್ನಿಗೆ ಆಸರೆಯಿರುವ ಎತ್ತರದ ಕುರ್ಚಿ, ದಪ್ಪ ಹಿಡಿಯ ಉಪಕರಣ ಬೇಕು, ಅಂಥವಕ್ಕೆ ಸರ್ಕಾರದ ಯೋಜನೆಯಿಂದ ನೆರವು ಸಿಗಬಹುದು, ಅರ್ಜಿ ಹಾಕಲು ಜೊತೆಗಿರುತ್ತೇನೆ ಎಂದಳು. ಮೈ ಹಟ ಮಾಡುವ ದಿನಗಳೂ ಬರುತ್ತವೆ, ಆ ದಿನ ಬೆಂಚು ಯಾರು ನೋಡಿಕೊಳ್ಳಬೇಕು ಅನ್ನುವುದೂ ಈಗಲೇ ತೀರ್ಮಾನವಾಗಲಿ ಎಂದಳು. ಎಲ್ಲಕ್ಕೂ ಗ್ರೇಮ್ ಒಪ್ಪಿದ.

ಮೊದಲ ದಿನ ಕ್ಲೈವ್ ಪಾರ್ಸೆಲ್ ವ್ಯಾನಿನಲ್ಲೇ ಅವಳನ್ನು ಬಿಟ್ಟು ಬಂದ. ಮೊದಲ ಕಪ್ಪುಗಳು ಸೊಟ್ಟಗಾದವು. ಅವನ್ನು ಮಣ್ಣಿನ ತೊಟ್ಟಿಗೇ ವಾಪಸ್ಸು ಹಾಕಿದಳು. ಊಟದ ಹೊತ್ತಿಗೆ ಬೆರಳುಗಳಿಗೆ ಹಳೆಯ ಹದ ನೆನಪಾಯಿತು. ಮಧ್ಯಾಹ್ನದ ಹಲಗೆ ತುಂಬ ಕಪ್ಪುಗಳು, ಎಲ್ಲ ಹಿಡಿಗಳೂ ಒಂದೇ ಕಡೆ ನೆಟ್ಟಗೆ ಮುಖ ಮಾಡಿ ನಿಂತವು. ಹೊರಡುವಾಗ ಗೇನರ್ ಅವನ್ನು ಫೋಟೋ ತೆಗೆದು ಕ್ಲೈವ್‌ಗೆ ಕಳಿಸಿದಳಂತೆ.

ಮೂರನೇ ವಾರ ಥಂಡಿ ಗಾಳಿ ಬೀಸಿತು. ಗೇನರಳಿಗೆ ಹಾಸಿಗೆಯಿಂದ ಏಳಲಾಗಲಿಲ್ಲ. ಹತ್ತಾದರೂ ಬೆರಳು ಬಿಚ್ಚಲಿಲ್ಲ. ಮಾತಾಡಿ ಇಟ್ಟುಕೊಂಡದ್ದೆಲ್ಲ ಆ ಹೊತ್ತಿನಲ್ಲಿ ಮರೆತೇಹೋಯಿತು. ಹಿಂದೆ ಆದದ್ದೇ ಈಗಲೂ ಆಗುತ್ತದೆ ಎಂದು ಗೋಡೆಯ ಕಡೆ ತಿರುಗಿ ಮಲಗಿದಳು. ಕ್ಲೈವ್‌ಗೆ ನೋಡಲಾಗಲಿಲ್ಲ. ಇನ್ನು ಸಾಕು ಬಿಡು ಎಂದು ಹೇಳಿ, ಕೆಳಗಿಳಿದು ತಾನೇ ಕಾರ್ಖಾನೆಗೆ ಫೋನು ಮಾಡಿದ. ನನ್ನ ಹೆಂಡತಿ ಇನ್ನು ಬರುವುದಿಲ್ಲ ಎಂದ.

"ಇನ್ನು ಬರಲ್ವಾ, ಇವತ್ತು ಬರಲ್ವಾ?" ಎಂದು ಕೇಳಿದ ಗ್ರೇಮ್.

"ಅವಳ ಕೈ ಏಳ್ತಿಲ್ಲ."

"ಅದಕ್ಕೆ ಏರ್ಪಾಟು ಇದೆಯಲ್ಲ ಕ್ಲೈವ್. ಒಂದರವರೆಗೆ ಕೆಲ್ಸಿ ಇದ್ದಾಳೆ, ಆಮೇಲೆ ನಾನೇ ಬೆಂಚಿಗೆ ಕೂರ್ತೀನಿ. ನಾಳೆ ಆಗದಿದ್ರೆ ನಾಳಿದ್ದು ಬರಲಿ. ಆದರೆ ಬರ್ಲಿ, ನಾನು ಅಂಟಿಸೋ ಹಿಡಿಗಳನ್ನ ನೀವು ನೋಡಿಲ್ಲ."

ಫೋನು ಇಟ್ಟ ಮೇಲೂ ಕ್ಲೈವ್ ಮೆಟ್ಟಿಲ ಬುಡದಲ್ಲೇ ನಿಂತಿದ್ದನಂತೆ. ಇಷ್ಟು ವರ್ಷದ ದುಡಿಮೆಯಲ್ಲಿ ತನಗೆ ಯಾರೂ ಒಂದು ಸಲವೂ ಇವತ್ತು ಆಗದಿದ್ದರೆ ನಾಳೆ ಬಾ ಎಂದು ಹೇಳಿರಲಿಲ್ಲ ಎಂದು ಆಮೇಲೆ ನನ್ನ ಹತ್ತಿರ ಹೇಳಿದ. ಮೇಲೆ ಹೋಗಿ ಹಾಸಿಗೆಯ ಅಂಚಿನಲ್ಲಿ ಕೂತ.

"ಏಳೋದು ಬೇಡ, ಮಲಕ್ಕೋ. ಕೆಲಸ ಎಲ್ಲೂ ಹೋಗಿಲ್ಲ," ಎಂದ.

ಎರಡು ದಿನ ಬಿಟ್ಟು ಗೇನರ್ ಹೋದಳು. ಗ್ರೇಮ್ ಹಿಡಿ ಅಂಟಿಸಿದ್ದ ಕಪ್ಪುಗಳನ್ನು ಬೆಂಚಿನವರು ಅವಳಿಗೆ ತೋರಿಸಲೆಂದೇ ಎತ್ತಿಟ್ಟಿದ್ದರು. ಅವಳು ನಕ್ಕ ನಗು ಕಪ್ಪು ಸುಡುವ ಕುಲುಮೆಯವರೆಗೂ ಕೇಳಿಸಿತೆಂದು ಶಹನಾಜ್ ಹೇಳುತ್ತಾಳೆ.

ತಿಂಗಳು ತುಂಬಿದಾಗ ಗ್ರೇಮ್ ಬೆಂಚಿನ ಹತ್ತಿರವೇ ಬಂದ. ಗೇನರ್, ಕೆಲ್ಸಿ ಇಬ್ಬರದೂ ಇನ್ನು ಮೇಲೆ ಕಾರ್ಖಾನೆಯ ಸ್ವಂತ ಕೆಲಸ, ಗೊತ್ತಾದ ಗಂಟೆ, ಕಾಯಂ ಎಂದ. ಯಾರೋ ಒಬ್ಬರು ಚಪ್ಪಾಳೆಯ ಬದಲು ಮೇಜಿನ ಮೇಲೆ ಉಪಕರಣದಿಂದ ಬಡಿದರು. ಪಕ್ಕದ ಬೆಂಚಿನವರೂ ಬಡಿದರು. ಆಮೇಲೆ ಬಣ್ಣದವರು, ಕುಲುಮೆಯವರು, ಇಡೀ ಕಾರ್ಖಾನೆಯೇ ಬಡಿಯತೊಡಗಿತು. ಕೆಲ್ಸಿ ಅಳುತ್ತಿದ್ದಳು. ಗೇನರ್ ಅಳಲಿಲ್ಲ. ಎರಡೂ ಕೈಗಳನ್ನು, ಮಣ್ಣು ಮೆತ್ತಿದ್ದ ಹಾಗೇ, ತಲೆಯ ಮೇಲಕ್ಕೆ ಎತ್ತಿದಳು.

ಆ ವಿಭಾಗದಲ್ಲಿ ಈಗ ಬೆಳಗಿನ ಮೆಸೇಜು ಕಾಯುವವರು ಯಾರೂ ಇಲ್ಲ. ಗೇನರ್ ಕೇಳಿದಳು, ಅವಳನ್ನು ನೋಡಿ ಉಳಿದವರೂ ಕೇಳಿದರು. ಜನ ಬಿಟ್ಟುಹೋಗುವುದು ನಿಂತಿದ್ದರಿಂದ ಗ್ರೇಮ್‌ಗೂ ನೆಮ್ಮದಿ. ಕ್ಲೈವ್ ತನ್ನ ಡಿಪೋದ ಚಾಲಕರನ್ನು ಸೇರಿಸಿಕೊಂಡು ಸಂಘಕ್ಕೆ ಸೇರಿದ. ವಾರದ ಪಾಳಿ ಒಂದು ವಾರ ಮೊದಲೇ ತಿಳಿಯಬೇಕೆಂದು ಕೇಳಿದರು. ಮೊದಲ ಸಲ ಆಗಲಿಲ್ಲ. ಎರಡನೇ ಸಲ ಇನ್ನೂ ಹೆಚ್ಚು ಜನ ಹೋದರು, ಆಯಿತು.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಪರದೆ ಎಳೆದುಕೊಂಡು ಕೂತವರು ಇರಬಹುದು. ಅದು ನೀವೇ ಇರಬಹುದು. ನನ್ನಿಂದ ಏನೂ ಆಗುವುದಿಲ್ಲ ಅನ್ನುವ ಮೊದಲು ಏನು ಆಗುತ್ತದೆ, ಎಷ್ಟು ಹೊತ್ತಿಗೆ ಆಗುತ್ತದೆ ಎಂದು ಯೋಚಿಸಿ ನೋಡಿ. ನೆರವು ನಿಂತುಹೋದೀತೆಂಬ ಭಯವಿದ್ದರೆ ಸಲಹಾ ಕೇಂದ್ರದಲ್ಲಿ ಕೇಳಿ, ಬೀದಿಯ ಮಾತು ನಂಬಬೇಡಿ. ಕೆಲಸದಲ್ಲಿದ್ದು ನಾಳೆಯ ಖಾತ್ರಿಯಿಲ್ಲದವರು ಸಂಘಕ್ಕೆ ಸೇರಿ. ಕೇಳಲು ಒಬ್ಬರೇ ಹೋಗಬೇಡಿ, ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ. ಒಂದು ಸಲ ಆಗಲ್ಲ ಅಂದರೆ ದಾರಿ ಬದಲಿಸಿ ಇನ್ನೊಮ್ಮೆ ಹೋಗಿ. ನಿಮಗೆ ಕೆಲಸ ಕೊಡುವುದು ಅವರಿಗೂ ಲಾಭವೇ, ಅದನ್ನು ಹೇಳಲು ಹಿಂಜರಿಯಬೇಡಿ.

ಎಲ್ಲಿಂದ ಶುರು ಮಾಡುವುದು ಎಂದು ಗೊತ್ತಾಗದಿದ್ದರೆ ಗುರುವಾರ ಸಂಜೆ ನಮ್ಮ ಬೀದಿಯ ಸಮುದಾಯ ಭವನಕ್ಕೆ ಬನ್ನಿ. ಶಹನಾಜ್ ಇರುತ್ತಾಳೆ. ಕೆಲಸ ಮುಗಿಸಿ ಗೇನರಳೂ ಬರುತ್ತಾಳೆ. ಟೀ ಇರುತ್ತದೆ. ಬಾಗಿಲು ಸ್ವಲ್ಪ ಬಿಗಿ, ಜೋರಾಗಿ ತಳ್ಳಿ.