ಬಾಡಿಗೆಗೆಂದು ಕೊಂಡ ಮನೆ

ಟೈಲರಕ್ಕನಿಗೆ ಟೋಪಿ ಹಾಕುವವರು ಇನ್ನೂ ಹುಟ್ಟಿಲ್ಲ ಎಂದು ಬೀದಿಯವರೆಲ್ಲ ಹೇಳುತ್ತಿದ್ದರು. ಅವಳೂ ಅದನ್ನು ನಂಬಿದ್ದಳು. ಸಿದ್ಧ ಉಡುಪಿನ ಅಂಗಡಿಗೆ ಹೋದರೂ ಬಟ್ಟೆ ತಿರುವಿ ಒಳಹೊಲಿಗೆ ನೋಡಿ ಮೂಗು ಮುರಿಯುವ ಹೆಂಗಸು. ಮನೆ ಕೊಳ್ಳುವಾಗ ಸುಮ್ಮನಿರುತ್ತಾಳೆಯೇ?

ಮನೆ ತಾನಿರಲು ಅಲ್ಲ, ಬಾಡಿಗೆಗೆ ಕೊಡಲು. ಅವಳ ಕಣ್ಣು ಮಂಜಾಗುತ್ತಿತ್ತು. "ಇನ್ನು ಸುಧಾರಿಸಲ್ಲಮ್ಮ, ಇರೋದನ್ನ ಕಾಪಾಡ್ಕೊಳ್ಳಿ" ಎಂದು ಡಾಕ್ಟರು ಕೈಚೆಲ್ಲಿದ್ದರು. ಜೊತೆಗಿರುವ ತಂಗಿಗೋ ಚಿಕ್ಕಂದಿನಿಂದಲೇ ನಡೆಯಲು ಬಾರದು. ಹೊಲಿಗೆ ನಿಂತರೆ ಇಬ್ಬರ ಹೊಟ್ಟೆಗೂ ಆ ಬಾಡಿಗೆಯೇ ಗತಿ.

ಹಾಗಾಗಿ ಆ ಎರಡು ಕೋಣೆಯ ಮನೆಯನ್ನು ಜಾಲಾಡಿಬಿಟ್ಟಳು. ಕಾಗದಪತ್ರ ನೋಡಿದ ವಕೀಲರು ಸರಿಯಿದೆ ಎಂದರೆ, ಅದನ್ನೇ ಒಯ್ದು ಇನ್ನೊಬ್ಬ ವಕೀಲರಿಗೆ ತೋರಿಸಿದಳು. ನಲ್ಲಿಗಳನ್ನೆಲ್ಲ ಒಟ್ಟಿಗೆ ಬಿಟ್ಟು ನೀರಿನ ರಭಸ ಪರೀಕ್ಷಿಸಿದಳು. ಗೋಡೆಗಳಿಗೆ ಅಂಗೈ ಒತ್ತಿ ತೇವ ಹುಡುಕಿದಳು. ಬ್ರೋಕರ್ ಬೆವರೊರೆಸಿಕೊಂಡ.

"ಅಕ್ಕಾ, ಗಂಡು ನೋಡೋವಾಗ್ಲೂ ಯಾರೂ ಇಷ್ಟು ವಿಚಾರಿಸಲ್ಲ!"

"ನಾನು ವಿಚಾರಿಸಿದ್ದೆ. ಅದಕ್ಕೇ ಮದುವೆ ಆಗ್ಲಿಲ್ಲ. ಹಿಂದುಗಡೆ ಆ ಉದ್ದನೆ ಶೆಡ್ಡು ಏನದು?"

"ಗೋಡೌನ್ ಥರ. ತಗಡು ಇಡ್ತಾರೆ."

ಶೆಡ್ಡಿಗೆ ಬೀಗ ಹಾಕಿತ್ತು. ಅಷ್ಟಕ್ಕೇ ಬಿಡದೆ ಮೇಲಿನ ಮನೆಯ ಮುದುಕನನ್ನೂ ಕೇಳಿದಳು. "ನಿಮಗೇ ಗೊತ್ತಾಗ್ತಿದೆಯಲ್ಲಮ್ಮ, ಎಷ್ಟು ಶಾಂತವಾಗಿದೆ" ಎಂದ ಅವನು. ನಿಜವೇ. ಪಾರಿವಾಳದ ರೆಕ್ಕೆ ಬಡಿತ ಬಿಟ್ಟರೆ ಬೇರೆ ಸದ್ದೇ ಇರಲಿಲ್ಲ.

ಪುಣ್ಯಾತ್ಗಿತ್ತಿ, ಹಲವು ಸಲ ಹೋಗಿ ನೋಡಿದ್ದಳು. ಹೋದದ್ದೆಲ್ಲ ಭಾನುವಾರವೇ. ಕೆಲಸದ ದಿನ ಅಂಗಡಿ ಮುಚ್ಚುವುದೆಂದರೆ ಅವಳಿಗೆ ಪ್ರಾಣ ಹೋದಂತೆ. ಅಮ್ಮ ತೀರಿಕೊಂಡ ದಿನವೂ ಒಪ್ಪಿಕೊಂಡ ಬಟ್ಟೆ ಮುಗಿಸಿಕೊಟ್ಟು ಆಮೇಲೆ ಅತ್ತವಳು. ತನಗೆ ರಜೆಯಿದ್ದ ದಿನ ಆ ಶೆಡ್ಡಿನವರಿಗೂ ರಜೆಯಿರಬಹುದು ಎಂಬುದು ಮಾತ್ರ ಆ ಜಾಣ ತಲೆಗೆ ಹೊಳೆಯಲಿಲ್ಲ.

ನೋಂದಣಿಯಾಯಿತು. ರಾತ್ರಿ ಪಾಳಿಯ ನರ್ಸ್ ಒಬ್ಬಳು ಬಾಡಿಗೆಗೆ ಬಂದಳು. ಸೋಮವಾರವೇ ಫೋನು: "ಅಕ್ಕಾ, ಈಗ್ಲೇ ಬಂದು ಕೇಳಿ."

ಅಂಗಡಿ ಮುಚ್ಚಿ ಓಡಿದಳು. ಮೆಟ್ಟಿಲ ಮೇಲೆಯೇ ಪಾದಕ್ಕೆ ನಡುಕ ತಾಗಿತು. ಶೆಡ್ಡಿನೊಳಗೆ ತಗಡು ಬಡಿಯುವ ಯಂತ್ರ ದಢ್ ದಢ್ ಎನ್ನುತ್ತಿತ್ತು. ಅಡುಗೆಮನೆಯ ಪಾತ್ರೆಗಳು ಒಂದಕ್ಕೊಂದು ತಾಕಿ ಕಿಣಿಗುಟ್ಟುತ್ತಿದ್ದವು. ನಿದ್ದೆಗೆಟ್ಟ ನರ್ಸ್ ಅಳುತ್ತಿದ್ದಳು, ಅವಳನ್ನು ಸಮಾಧಾನ ಮಾಡಲೂ ಕೂಗಬೇಕಾಯಿತು. ಅವಳು ಆ ವಾರವೇ ಖಾಲಿ ಮಾಡಿದಳು. ಆಮೇಲೆ ಬಂದವರೂ ಹಾಗೆಯೇ ಹೋದರು.

ನಗರಸಭೆ ಕಚೇರಿಗೆ ದೂರು ಒಯ್ದರೆ, ಶೆಡ್ಡು ನಿಮ್ಮ ಕಟ್ಟಡಕ್ಕಿಂತ ಹಳೆಯದು ಎಂದರು. ಮುದುಕನ ಮೇಲೆ ಹರಿಹಾಯ್ದಳು. ಅವನು ತಲೆ ತಗ್ಗಿಸಿದ. "ನಮ್ ಮನೇನೂ ಮಾರೋಕಿಟ್ಟಿದೀವಮ್ಮ. ನಿಜ ಹೇಳಿದ್ರೆ ಯಾರು ತಗೋತಾರೆ?"

ಅವಳೂ ಮಾರಲಿಟ್ಟಳು. ಕಣ್ಣಿನ ಮಂಜು ದಟ್ಟವಾಯಿತೇ ಹೊರತು ಯಾರೂ ತಿರುಗಿ ನೋಡಲಿಲ್ಲ. ಹೊಲಿಗೆ ಓರೆಕೋರೆಯೆಂದು ಬಟ್ಟೆಗಳು ವಾಪಸು ಬರತೊಡಗಿದವು. ಕೊನೆಗೊಂದು ದಿನ ಇಸ್ತ್ರಿ ಅಂಗಡಿಯವಳೊಬ್ಬಳ ಫೋನು ಬಂತು.

"ಅಕ್ಕಾ, ಭಾನುವಾರ ಬಂದು ನೋಡ್ಲಾ? ಬೇರೆ ದಿನ ಅಂಗಡಿ ಬಿಡಕ್ಕಾಗಲ್ಲ. ಕೈಲಾಗದೇ ಇರೋ ಕಾಲಕ್ಕೆ ಬಾಡಿಗೆ ಬರ್ಲಿ ಅಂತ ತಗೋತಿದೀನಿ."

ತಂಗಿ ಕುರ್ಚಿಯಿಂದ ಮುಂದಕ್ಕೆ ಬಾಗಿ ಕೇಳಿಸಿಕೊಳ್ಳುತ್ತಿದ್ದಳು. ಬನ್ನಿ ಎಂದರೆ ಆಗಿಹೋಗುತ್ತಿತ್ತು. ಟೈಲರಕ್ಕ ತಂಗಿಯ ಕಡೆಯಿಂದ ಮುಖ ತಿರುಗಿಸಿದಳು.

"ಭಾನುವಾರ ಬೇಡಮ್ಮ. ಕೆಲಸದ ದಿನ ಬನ್ನಿ."

"ಯಾಕಕ್ಕಾ?"

"ಬಂದು ಕೇಳಿಸ್ಕೊಳ್ಳಿ, ಗೊತ್ತಾಗುತ್ತೆ."

"ಆಯ್ತಕ್ಕಾ, ಯೋಚನೆ ಮಾಡಿ ಹೇಳ್ತೀನಿ" ಎಂದು ಅವಳು ಫೋನಿಟ್ಟಳು.

"ಬರ್ತಾರಂತಾ?" ತಂಗಿ ಕೇಳಿದಳು.

"ಇಲ್ಲ."

"ಹೋಗ್ಲಿ ಬಿಡಕ್ಕಾ, ಇನ್ನೊಬ್ರು ಬರ್ತಾರೆ."

ಇನ್ನೊಬ್ಬರು ಬಂದರೂ ತನ್ನ ಬಾಯಿಂದ ಇದೇ ಮಾತು ಹೊರಡುತ್ತದೆಂದು ಟೈಲರಕ್ಕನಿಗೆ ಗೊತ್ತಿತ್ತು. ತನ್ನ ಮೇಲೆಯೇ ಕೆಟ್ಟ ಸಿಟ್ಟು ಬಂತು. ಇನ್ನು ಮನೆ ಮಾರಾಟವಾಗುವುದಿಲ್ಲ ಎಂಬುದನ್ನು ತಂಗಿಗೆ ಹೇಗೆ ಹೇಳುವುದೆಂದು ಮಾತ್ರ ತಿಳಿಯಲಿಲ್ಲ.